ಮಾಳಗಿ ಮ್ಯಾಲೆ ಏರಿದ ಹಳೇ ವಿಡಿಯೋ ಗೇಮ್ ಪೆಟಗಿ

ಹುಬ್ಬಳ್ಳಿ ಗುಜರಿ ಅಂಗಡ್ಯಾಗ ಸಿಕ್ಕ ಆರ್ಕೇಡ್ ಪೆಟಗಿ (ನಾಣ್ಯ ಹಾಕಿ ನಿಂತು ಆಡೋ ವಿಡಿಯೋ ಗೇಮ್) ಧಾರವಾಡಕ್ಕ ತಂದ್ವಿ, ಆದ್ರ ಆರು ಫೂಟ್ ಎತ್ತರ, ನಮ್ಮನಿ ಪಾವಟಿಗಿ ತಿರುವಿನ್ಯಾಗ ಹೊಳ್ಳಲೇ ಇಲ್ಲ. ಬಡಿಗ್ಯಾರ ಕಾಕಾನ್ನ ಕರಿಸಿ ಬಟನ್ ಹಲಗಿ ಕೆಳಗ ಅಡ್ಡ ಕೊಯ್ಸಿ ಎರಡು ತುಂಡು ಮಾಡಿದ್ವಿ, ಮ್ಯಾಲೆ ಒಯ್ದು ಒಳಗ ಪಟ್ಟಿ ಕೊಟ್ಟು ಬೋಲ್ಟ್ ಜಡಿದ್ವಿ. ನೀರು ಕುಡದು ಉಬ್ಬಿದ್ದ ತಳಕ್ಕ 18 ಎಂಎಂ ಪ್ಲೈವುಡ್.

ಖರೇ ತ್ರಾಸು ಆಮ್ಯಾಲೆ. ಗೇಮ್ ಚಾಲೂ ಆಗಿ ಎರಡು ನಿಮಿಷಕ್ಕ ತಾನ ರೀಸೆಟ್! ಗೇಮಿನ ಸರ್ಕ್ಯೂಟ್ ಬೋರ್ಡ್ ಹತ್ರ ಮೀಟರ್ ಹಿಡದ್ರ 5 ವೋಲ್ಟ್ ಬದ್ಲಿ 4.6 ಅಷ್ಟ. ಬೋರ್ಡಿಗೆ ಕರೆಂಟು, ಬಟನ್, ಪರದೆ ಎಲ್ಲಾ ಜೋಡಸೋ ಜಾಮಾ (JAMMA) ಕನೆಕ್ಟರ್ 56 ಪಿನ್ನಿಂದು, ಬೋರ್ಡಿನ ಅಂಚು ಕರ್ರಗಾಗಿತ್ತು, ರಬ್ಬರ್‌ಲೆ ತಿಕ್ಕಿದೆ, ಪಿತ್ತಾಳಿಗತೆ ಹೊಳೀತು, ಪವರ್ ಸಪ್ಲೈದಾಗಿನ ವೋಲ್ಟ್ ಹೆಚ್ಚು-ಕಡಿಮಿ ಮಾಡೋ ಸ್ಕ್ರೂ ಚೂರು ತಿರುವಿ 5.05 ವೋಲ್ಟಿಗೆ ನಿಲ್ಲಿಸಿದೆ, ಈಗ ತಾಸುಗಟ್ಲೆ ಆಡಿದ್ರೂ ನಿಂದ್ರಂಗಿಲ್ಲ. ಒಂದ ಮಾತು, ಹಳೇ ಪಿಕ್ಚರ್ ಟ್ಯೂಬಿನ ಕೆಂಪು ವೈರ್ ಕರೆಂಟ್ ಬಂದ್ ಮಾಡಿದ ಮ್ಯಾಲೂ ಶಾಕ್ ಹೊಡಿತೈತಿ, ಮುಟ್ಟಬ್ಯಾಡ್ರಿ, ಟಿವಿ ರಿಪೇರಿ ಅಣ್ಣಾರ ಕಡೆನ ಬಿಚ್ಚಸ್ರಿ.