ಎರಡು ಬೀಪ್ ಕೇಳಿಸಿದ ಮೇಲೆ ಎಸ್ ಒತ್ತಿ: ವಿಂಡೋಸ್ ಪಕ್ಕದಲ್ಲಿ ಡೆಬಿಯನ್ ಹಾಕಿದ ನನ್ನ ಅನುಭವ

ಹೋದ ವರ್ಷ ಮಳೆಗಾಲದಲ್ಲಿ ಶುರು ಮಾಡಿದ ಕೆಲಸ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ ಮುಗಿಯಿತು. ಈಗ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದೆ, ಅಲ್ಲಿ ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್ ಎನ್‌ವಿಡಿಎ ಮಾತಾಡುತ್ತದೆ. ಪಕ್ಕದಲ್ಲೇ ಡೆಬಿಯನ್ ಇದೆ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಒಂದು ಬಗೆ), ಅಲ್ಲಿ ಓರ್ಕಾ ಅನ್ನುವ ಸ್ಕ್ರೀನ್ ರೀಡರ್. ನಾಪೋಕ್ಲು ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕೂತು ನಾನೇ ಹಾಕಿದ್ದು. ಕಣ್ಣು ಕಾಣುವವರು ಯಾರೂ ಪಕ್ಕದಲ್ಲಿ ಇರಲಿಲ್ಲ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಕೇಳಿದವರೆಲ್ಲ ಇದು ಆಗಲ್ಲ ಅಂದಿದ್ದರು. ನಮ್ಮ ಹಾಗೇ ಸ್ಕ್ರೀನ್ ರೀಡರ್ ಬಳಸುವ ಗೆಳೆಯರು ಕೂಡ. ‘ಇನ್‌ಸ್ಟಾಲ್ ಆಗೋ ಹೊತ್ತಲ್ಲಿ ಯಾವ ರೀಡರೂ ಇರಲ್ಲ ಅಣ್ಣ, ಯಾರಾದ್ರೂ ನೋಡಿ ಹೇಳಲೇಬೇಕು’ ಅಂತ ಒಬ್ಬ ಖಡಾಖಂಡಿತವಾಗಿ ಹೇಳಿಬಿಟ್ಟ.

ಮೊದಲು ಸುಲಭದ ದಾರಿ ಹಿಡಿದೆ. ವಿಂಡೋಸ್ ಒಳಗೇ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ ಮಾಡುವ ವರ್ಚುವಲ್‌ಬಾಕ್ಸ್ ಹಾಕಿ ಅದರೊಳಗೆ ಲಿನಕ್ಸ್ ಓಡಿಸಿದೆ. 8 ಜಿಬಿ ರ್‍ಯಾಮ್‌ನಲ್ಲಿ ಓರ್ಕಾ ದನಿ ತುಂಡು ತುಂಡಾಗಿ ಬಂತು. ಎನ್‌ವಿಡಿಎ, ಓರ್ಕಾ ಇಬ್ಬರೂ ತಮ್ಮ ಕಮಾಂಡಿಗೆ ಇನ್ಸರ್ಟ್ ಕೀಯನ್ನೇ ಕೇಳುತ್ತಾರೆ, ಅದಕ್ಕೆ ಎನ್‌ವಿಡಿಎಯನ್ನು ಆ ಕಿಟಕಿಯಲ್ಲಿ ಮಾತ್ರ ಸ್ಲೀಪ್ ಮೋಡ್‌ಗೆ ಹಾಕಿದೆ. ಜಗಳ ನಿಂತಿತು, ತೊದಲು ನಿಲ್ಲಲಿಲ್ಲ. ವಿಂಡೋಸ್‌ನಲ್ಲೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಕೂಡ ನೋಡಿದೆ. ಕಮಾಂಡ್ ಕೊಡುವುದಕ್ಕೆ ಚೆನ್ನಾಗಿದೆ. ನನಗೆ ಬೇಕಿದ್ದದ್ದು ಪೂರ್ತಿ ಡೆಸ್ಕ್‌ಟಾಪ್.

ಆಮೇಲೆ ಒಂದು ತಪ್ಪು ಮಾಡಿದೆ. ಲ್ಯಾಪ್‌ಟಾಪನ್ನು ಒಂದು ಅಂಗಡಿಗೆ ಕೊಟ್ಟೆ. ‘ಸರ್, ಇದು ನಿಮ್ಮಿಂದ ಆಗಲ್ಲ, ಇಲ್ಲೇ ಬಿಟ್ಟು ಹೋಗಿ’ ಅಂದರು. 1,200 ರೂಪಾಯಿ ತಗೊಂಡರು. ವಾಪಸ್ ತಂದು ನೋಡಿದರೆ ಡಿ ಡ್ರೈವ್ ಖಾಲಿ. ಮೂರು ವರ್ಷದ ಕಾಫಿ, ಮೆಣಸಿನ ಲೆಕ್ಕ ಅದರಲ್ಲಿತ್ತು. ಅರ್ಧದಷ್ಟು ಪೆನ್‌ಡ್ರೈವ್‌ನಲ್ಲಿ ಸಿಕ್ಕಿತು, ಉಳಿದದ್ದನ್ನು ಅಮ್ಮ ರಸೀದಿ ಓದಿ ಹೇಳಿದರು, ನಾನು ಮತ್ತೆ ಟೈಪ್ ಮಾಡಿದೆ. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಈ ಯಂತ್ರದ ಡಿಸ್ಕಿಗೆ ನನ್ನ ಕೈ ಬಿಟ್ಟು ಬೇರೆ ಕೈ ತಾಗಬಾರದು.

ನಿಜವಾದ ಗೋಡೆ ಬಯಾಸ್, ಅಂದರೆ ಯಂತ್ರ ಆನ್ ಆದಾಗ ವಿಂಡೋಸ್‌ಗಿಂತ ಮೊದಲು ಸಿಗುವ ಸೆಟ್ಟಿಂಗ್ ಪರದೆ. ಡೆಬಿಯನ್ ಇನ್‌ಸ್ಟಾಲರ್ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಆಗು ಅಂತ ಸಾಮಾನ್ಯವಾಗಿ ಅಲ್ಲೇ ಹೇಳಬೇಕು. ಅದು ಮಾತಾಡಲ್ಲ, ನಿಮಗೂ ಗೊತ್ತು. ಫೋನಿನ ಕ್ಯಾಮೆರಾ ಆ್ಯಪ್ ಹಿಡಿದು ಓದಿಸಿದೆ. ಸಾಲುಗಳನ್ನೆಲ್ಲ ಓದುತ್ತದೆ, ಆದರೆ ನಾನು ಈಗ ಯಾವ ಸಾಲಿನ ಮೇಲೆ ನಿಂತಿದ್ದೇನೆ ಅಂತ ಹೇಳಲ್ಲ. ಆ ಒಂದು ವಿಷಯ ಗೊತ್ತಾಗದಿದ್ದರೆ ಉಳಿದದ್ದೆಲ್ಲ ಓದಿಸಿ ಏನು ಮಾಡೋದು? ಒಂದು ವಾರ ಸುಮ್ನೆ ಒದ್ದಾಡಿದೆ.

ಹೊಳೆದದ್ದು ಇಷ್ಟೇ: ಬಯಾಸ್ ಒಳಗೆ ಹೋಗುವ ಅಗತ್ಯವೇ ಇಲ್ಲ. ಮುಂದಿನ ಸಲ ಯಾವುದರಿಂದ ಬೂಟ್ ಆಗಬೇಕು ಅನ್ನುವುದನ್ನು ಮಾತಾಡುವ ವಿಂಡೋಸ್ ಒಳಗಿಂದಲೇ ಹೇಳಬಹುದು. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬೂಟ್ ಪಟ್ಟಿ ತೋರಿಸಿ ಬದಲಿಸುವ ಬಿಸಿಡಿಎಡಿಟ್ ಕಮಾಂಡಿಗೆ ಫರ್ಮ್‌ವೇರ್ ಪಟ್ಟಿ ಕೇಳಿ, ಪೆನ್‌ಡ್ರೈವ್‌ನ ಐಡಿ ನೋಡಿ, ಅದನ್ನು ಒಂದು ಸಲದ ಬೂಟ್‌ಸೀಕ್ವೆನ್ಸ್‌ಗೆ ಕೊಟ್ಟೆ. ಡೆಬಿಯನ್ ಕಡೆಯಿಂದ ವಾಪಸ್ ಬರಲು ಇಎಫ್‌ಐಬೂಟ್‌ಎಂಜಿಆರ್ ಅನ್ನುವ ಅದೇ ಥರದ ಕಮಾಂಡ್ ಇದೆ. ಎರಡಕ್ಕೂ ಒಂದೊಂದು ಪುಟ್ಟ ಫೈಲ್ ಮಾಡಿ ಶಾರ್ಟ್‌ಕಟ್ ಕೀ ಕೊಟ್ಟಿದ್ದೇನೆ. ಆ ಫೈಲಿನ ಸಾಲುಗಳನ್ನು ಇಲ್ಲಿ ಹಾಕಲ್ಲ. ನನ್ನ ಯಂತ್ರದ ಐಡಿ ಬೇರೆ, ನಿಮ್ಮದು ಬೇರೆ, ನೀವೇ ಓದಿ ಬರೆದುಕೊಂಡರೆ ಒಳ್ಳೆಯದು.

ಇದಕ್ಕೆ ಮೊದಲು ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದೆಯಾ ನೋಡಿ. ಇದ್ದರೆ ರಿಕವರಿ ಕೀ ಫೋನಿನಲ್ಲಿ ಇಟ್ಟುಕೊಳ್ಳಿ. ಅದನ್ನು ಕೇಳುವ ಪರದೆ ಬಂದಾಗ ಎನ್‌ವಿಡಿಎ ಇರಲ್ಲ.

ಡೆಬಿಯನ್ನೇ ಯಾಕೆ ಅಂದರೆ, ಅದರ ಇನ್‌ಸ್ಟಾಲರ್ ಮಾತಾಡುತ್ತದೆ. ಪೆನ್‌ಡ್ರೈವ್‌ನಿಂದ ಮೆನು ಬಂದಾಗ ಬೀಪ್ ಕೇಳುತ್ತದೆ, ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಇರುವ ಯಂತ್ರದಲ್ಲಿ ಎರಡು ಸಲ. ಆಗ ಎಸ್ ಒತ್ತಿ ಎಂಟರ್ ಒತ್ತಬೇಕು. ಅಲ್ಲಿಂದ ಅಕ್ಷರವನ್ನು ಮಾತಾಗಿಸುವ ಇಸ್ಪೀಕ್ ದನಿ ಶುರು. ಪ್ರತಿ ಪ್ರಶ್ನೆಗೂ ಉತ್ತರಗಳಿಗೆ ನಂಬರ್ ಇರುತ್ತದೆ, ನಂಬರ್ ಹೊಡೆದು ಎಂಟರ್ ಕೊಟ್ಟರೆ ಮುಗಿಯಿತು.

ಮೊದಲ ಸಲ ಬೀಪ್ ಬಂತು, ಮಾತು ಬರಲಿಲ್ಲ. ಎರಡು ದಿನ ಹೋಯಿತು. ಕೊನೆಗೆ 250 ರೂಪಾಯಿಯ ಯುಎಸ್‌ಬಿ ಸೌಂಡ್ ಕಾರ್ಡ್ ಚುಚ್ಚಿದೆ. ಒಂದಕ್ಕಿಂತ ಜಾಸ್ತಿ ಕಾರ್ಡ್ ಇದ್ದರೆ ಇನ್‌ಸ್ಟಾಲರ್ ಒಂದೊಂದರಲ್ಲೂ ಮಾತಾಡಿ ನೋಡುತ್ತದೆ, ದನಿ ಕೇಳಿಸಿದಾಗ ಎಂಟರ್ ಒತ್ತಬೇಕು. ಇಯರ್‌ಫೋನ್‌ನಲ್ಲಿ ಆ ಗೊಗ್ಗರು ದನಿ ಬಂದಾಗ ನಾನು ಜೋರಾಗಿ ಕೂಗಿದೆ, ಅಮ್ಮ ಅಡುಗೆಮನೆಯಿಂದ ಓಡಿ ಬಂದರು.

ಎರಡನೇ ಸಲ ಕರೆಂಟು ಕೈ ಕೊಟ್ಟಿತು. ಜುಲೈ ತಿಂಗಳು, ಮರ ಬಿದ್ದು ಲೈನ್ ಹೋಗಿತ್ತು. ಮುಕ್ಕಾಲು ಭಾಗ ಆದ ಮೇಲೆ ಹಳೇ ಬ್ಯಾಟರಿ ಸತ್ತಿತು. ಮೂರನೇ ಸಲಕ್ಕೆ ಹೊಸ ಬ್ಯಾಟರಿ ಹಾಕಿಸಿದೆ. ನೆಟ್ ಫೋನಿನಿಂದ ಯುಎಸ್‌ಬಿ ಟೆದರಿಂಗ್‌ನಲ್ಲಿ ಕೊಟ್ಟೆ. ಜಾಗ ಮೊದಲೇ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಶ್ರಿಂಕ್ ಮಾಡಿ ಸುಮಾರು 120 ಜಿಬಿ ಖಾಲಿ ಬಿಟ್ಟಿದ್ದೆ. ಪಾರ್ಟಿಷನ್ ಪ್ರಶ್ನೆ ಬಂದಾಗ ‘ಖಾಲಿ ಇರುವ ದೊಡ್ಡ ಜಾಗ ಬಳಸು’ ಅನ್ನುವ ನಂಬರನ್ನು ಮಾತ್ರ ಕೊಡಿ. ಪೂರ್ತಿ ಡಿಸ್ಕ್ ಅನ್ನುವ ನಂಬರೂ ಅದರ ಹತ್ತಿರವೇ ಇರುತ್ತದೆ. ನಾನು ಮೂರು ಸಲ ಓದಿಸಿ ಆಮೇಲೆ ಎಂಟರ್ ಒತ್ತಿದೆ. ಡೆಸ್ಕ್‌ಟಾಪ್‌ಗೆ ಮಾಟೆ ಆರಿಸಿದೆ. ರೀಸ್ಟಾರ್ಟ್ ಆದ ಕೂಡಲೇ ಲಾಗಿನ್ ಪರದೆಯಲ್ಲೇ ಓರ್ಕಾ ಮಾತಾಡಿತು, ನಾನು ಏನೂ ಸೆಟ್ ಮಾಡಿರಲಿಲ್ಲ.

ಆದರೆ ಯಂತ್ರ ಶುರುವಾದಾಗ ಯಾವ ಸಿಸ್ಟಮ್ ಬೇಕು ಅಂತ ಕೇಳುವ ಗ್ರಬ್ ಮೆನುವಿನಲ್ಲಿ ವಿಂಡೋಸ್ ಇರಲಿಲ್ಲ. ಎದೆ ಧಸಕ್ ಅಂದಿತು. ಈಚಿನ ಗ್ರಬ್‌ನಲ್ಲಿ ಬೇರೆ ಸಿಸ್ಟಮ್ ಹುಡುಕುವ ಓಎಸ್ ಪ್ರೋಬರ್ ಆಫ್ ಆಗಿಯೇ ಬರುತ್ತದೆ, ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಅದನ್ನು ಆನ್ ಮಾಡಿ ಅಪ್‌ಡೇಟ್ ಗ್ರಬ್ ಕೊಟ್ಟ ಮೇಲೆ ಬಂತು. ಅದೇ ಫೈಲಿನಲ್ಲಿ ಇನಿಟ್ ಟ್ಯೂನ್ ಸಾಲಿನ ಮುಂದಿನ ಹ್ಯಾಶ್ ತೆಗೆದೆ. ಈಗ ಮೆನು ಬಂದಾಗ ಪೀ ಅನ್ನುತ್ತದೆ. 480, 440, 1 ಅಂತ ಇರುವುದನ್ನು ಬದಲಾಯಿಸಿ ನನಗೆ ಬೇಕಾದ ಮೂರು ಸ್ವರ ಹಾಕಿಕೊಂಡಿದ್ದೇನೆ.

ಒಂದು ರಾತ್ರಿ ಒಂಬತ್ತಕ್ಕೆ ವಿಂಡೋಸ್‌ನಲ್ಲಿ ಟೈಮ್ ಕೇಳಿದರೆ ಮಧ್ಯಾಹ್ನ ಮೂರೂವರೆ ಅಂದಿತು. ಸರಿಯಾಗಿ ಐದೂವರೆ ಗಂಟೆ ಹಿಂದೆ. ಯಂತ್ರದ ಗಡಿಯಾರವನ್ನು ಡೆಬಿಯನ್ ಯುಟಿಸಿ (ಗ್ರೀನಿಚ್ ಟೈಮ್) ಅಂತ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಟೈಮ್ ಅಂದುಕೊಳ್ಳುತ್ತದೆ. ಡೆಬಿಯನ್‌ನ ಟೈಮ್‌ಡೇಟ್‌ಸಿಟಿಎಲ್ ಕಮಾಂಡಿನಲ್ಲಿ ಲೋಕಲ್ ಆರ್‌ಟಿಸಿ ಒಂದು ಅಂತ ಕೊಟ್ಟೆ, ಈಗ ಅದೂ ನಮ್ಮ ಟೈಮನ್ನೇ ಇಡುತ್ತದೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ, ಇಲ್ಲದಿದ್ದರೆ ಡೆಬಿಯನ್‌ನಿಂದ ವಿಂಡೋಸ್ ಕಡೆಯ ಫೈಲುಗಳು ಓದಲು ಮಾತ್ರ ಸಿಗುತ್ತವೆ.

ಇಷ್ಟೆಲ್ಲ ಮಾಡಿದ್ದು ಮುಖ್ಯವಾಗಿ ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಟೆಸರಾಕ್ಟ್‌ಗೆ. ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕವನ್ನು ರಾತ್ರಿ ಕೊಟ್ಟು ಮಲಗಿದರೆ ಬೆಳಿಗ್ಗೆ ಅಕ್ಷರ ಆಗಿರುತ್ತದೆ. ಇನ್ನೂರು ಪುಟಕ್ಕೆ ನನ್ನ ಯಂತ್ರದಲ್ಲಿ ಒಂದು ಗಂಟೆ ಆಸುಪಾಸು. ಒತ್ತಕ್ಷರಗಳಲ್ಲಿ ಎಡವುತ್ತದೆ, ಮಾಸಿದ ಪುಟದಲ್ಲಿ ಜಾಸ್ತಿ. ಸ್ಕ್ಯಾನಿನ ಚಿತ್ರವನ್ನು ಮೊದಲು ಹೇಗೆ ಶುಚಿ ಮಾಡುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇನ್ನೊಂದು ಪ್ರಯೋಗವೂ ನಡೆಯಿತು. ನಮ್ಮಲ್ಲಿ ಮಳೆ ಲೆಕ್ಕ ಇಂಚು, ಸೆಂಟ್‌ನಲ್ಲಿ (ಇಂಚಿನ ನೂರನೇ ಒಂದು ಭಾಗ) ಅಲ್ವಾ, ಅದನ್ನು ತಾನೇ ಬರೆದುಕೊಳ್ಳುವ ಪುಟ್ಟ ಬೋರ್ಡ್ ಜೋಡಿಸಿದೆ. ಲ್ಯಾಪ್‌ಟಾಪಿಗೆ ಚುಚ್ಚಿದರೆ ಅದರ ಪೋರ್ಟ್ ಬರುತ್ತದೆ, ತಕ್ಷಣ ಮಾಯ. ಗೆಳೆಯನ ಬ್ರೈಲ್ ಡಿಸ್‌ಪ್ಲೇ ನೋಡಲು ಹಿಂದೆ ಹಾಕಿದ್ದ ಬಿಆರ್‌ಎಲ್‌ಟಿಟಿವೈ ಅನ್ನುವ ಸಾಫ್ಟ್‌ವೇರ್, ನನ್ನ ಮಳೆ ಬೋರ್ಡನ್ನೇ ಬ್ರೈಲ್ ಯಂತ್ರ ಅಂದುಕೊಂಡು ಹಿಡಿದುಕೊಳ್ಳುತ್ತಿತ್ತು. ಅದನ್ನು ತೆಗೆದ ಮೇಲೆ ಸರಿಹೋಯಿತು.

ಖರ್ಚು ಹೇಳಿಬಿಡುತ್ತೇನೆ. ಎಸ್‌ಎಸ್‌ಡಿ 3,200, ಬ್ಯಾಟರಿ 2,800, ಪೆನ್‌ಡ್ರೈವ್ 450, ಸೌಂಡ್ ಕಾರ್ಡ್ 250, ಅಂಗಡಿಗೆ ದಂಡ 1,200. ಎಂಟು ಸಾವಿರದ ಹತ್ತಿರ, ಅಂದರೆ ಆಗಿನ ಬೆಲೆಯಲ್ಲಿ ಹದಿಮೂರು ಕೆಜಿ ಮೆಣಸು ಮಾರಿದ ದುಡ್ಡು. ಎರಡು ಸ್ಕ್ರೀನ್ ರೀಡರಿಗೂ ಒಂದು ಪೈಸೆ ಇಲ್ಲ.

ಆಗಲ್ಲ ಅಂದಿದ್ದ ಆ ಗೆಳೆಯ ಮುಂದಿನ ಭಾನುವಾರ ಗೋಣಿಕೊಪ್ಪಲಿನಿಂದ ತನ್ನ ಲ್ಯಾಪ್‌ಟಾಪ್ ತರುತ್ತಾನೆ. ಹೊಸ ಯಂತ್ರ, ಬೀಪ್ ಬರಲ್ಲವಂತೆ. ಸೌಂಡ್ ಕಾರ್ಡ್ ಚೀಲಕ್ಕೆ ಹಾಕಿ ಇಟ್ಟಿದ್ದೇನೆ.