ಕಥೆ ಕೇಳಬೇಡಿ, ಕೊಡಪಾನ ತೋರಿಸಿ

"ನಿಮ್ಮ ಜೀವನದ ಕಥೆ ಹೇಳಿ" ಅಂದರೆ ನಮ್ಮ ಕಡೆಯ ಹಿರಿಯರು ಬಾಯಿ ಬಿಡುವುದಿಲ್ಲ. "ನಂದೆಂತ ಕಥೆ ಮಾರಾಯ್ತಿ, ನಿಂಗೆ ಬೇರೆ ಕೆಲಸ ಇಲ್ವಾ?" ಅಂತ ಎದ್ದು ಹೋಗುತ್ತಾರೆ. ಅಮ್ಮನೂ ಹಾಗೇ. ಅದಕ್ಕೆ ನಾನು ಕಥೆ ಕೇಳುವುದನ್ನೇ ಬಿಟ್ಟೆ. ಮನೆಯ ಒಂದೊಂದೇ ವಸ್ತು ತಂದು ಮುಂದಿಟ್ಟು, ಅದರ ಬಗ್ಗೆ ಮಾತ್ರ ಕೇಳಲು ಶುರು ಮಾಡಿದೆ.

ಬ್ರಹ್ಮಾವರದ ಹತ್ತಿರ ನಮ್ಮ ಹಳೇ ಮನೆಯಲ್ಲಿ ಒಂದು ತಾಮ್ರದ ಕೊಡಪಾನ ಇತ್ತು. ಕುತ್ತಿಗೆಯ ಬಳಿ ಚುಕ್ಕಿ ಚುಕ್ಕಿ ಹೊಡೆದು ಬರೆದ ಹೆಸರು. ಹುಣಸೆಹುಳಿ ಹಾಕಿ ತಿಕ್ಕಿದ ಮೇಲೆ ಅಕ್ಷರ ಕಂಡಿತು. ಅದು ಅಜ್ಜಿಯ ಹೆಸರಲ್ಲ. "ಇದು ಯಾರದ್ದಮ್ಮಾ?" ಅಂದೆ. ಅಜ್ಜನ ಮೊದಲ ಹೆಂಡತಿ ಬಾಣಂತನದಲ್ಲಿ ತೀರಿಹೋದದ್ದು, ಅವರ ತವರಿನವರು ಬಂದು ಪಾತ್ರೆಗಳನ್ನೆಲ್ಲ ಲೆಕ್ಕ ಮಾಡಿ ತಗೊಂಡು ಹೋದದ್ದು, ಇದೊಂದು ಬಾವಿಕಟ್ಟೆಯಲ್ಲಿದ್ದ ಕಾರಣ ಉಳಿದುಹೋದದ್ದು, ಎಲ್ಲ ಒಂದೇ ಉಸಿರಿಗೆ ಬಂತು. ಅದೇ ಕೊಡಪಾನದ ನೀರು ಕುಡಿದು ಬೆಳೆದ ನನಗೆ ಅಜ್ಜನಿಗೆ ಎರಡು ಮದುವೆ ಆಗಿತ್ತು ಅನ್ನುವುದೇ ಗೊತ್ತಿರಲಿಲ್ಲ!

ಕೈಯಲ್ಲಿ ಕೆಲಸ ಇದ್ದರೆ ಮಾತು ಇನ್ನೂ ಸಲೀಸು. ಬೇಸಗೆಯಲ್ಲಿ ಹಲಸಿನ ಹಪ್ಪಳ ಒತ್ತುವಾಗ ಫೋನಿನಲ್ಲಿ ರೆಕಾರ್ಡ್ ಹಾಕಿ, ಮಡಚಿದ ಬೈರಾಸಿನ (ಟವೆಲಿನ) ಮೇಲೆ ಇಡುತ್ತೇನೆ. ಹೇಳಿಯೇ ಇಡುತ್ತೇನೆ, ಕದ್ದು ಅಲ್ಲ. ಫ್ಯಾನ್ ಬಂದ್ ಮಾಡಬೇಕು. ಮಳೆಗಾಲದಲ್ಲಿ ಹಂಚಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಆಸೆ ಬಿಟ್ಟುಬಿಡಿ. ಅಮ್ಮ ಸುಮ್ಮನಾದರೆ ನಾನೂ ಸುಮ್ಮನಿರುತ್ತೇನೆ. ಒಳ್ಳೆಯ ಮಾತು ಬರುವುದು ಜಾಸ್ತಿ ಆ ಸುಮ್ಮನಿರುವಿಕೆಯ ನಂತರವೇ. ಅಂದೇ ರಾತ್ರಿ ನೋಟ್‌ಬುಕ್ಕಿಗೆ ಇಳಿಸುತ್ತೇನೆ. ಮಧ್ಯೆ ಬಂದ ತುಳುವನ್ನು ಹಾಗೇ ಬರೆಯುತ್ತೇನೆ, ತಿದ್ದುವುದಿಲ್ಲ.

ಕಾಗದಗಳಲ್ಲಿ ನನಗೆ ತುಂಬಾ ಸಿಕ್ಕಿದ್ದು ಅಜ್ಜಿಯ ಪಿಗ್ಮಿ ಪುಸ್ತಕದಲ್ಲಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಅನ್ನುವ ದಿನದಿನದ ಸಣ್ಣ ಉಳಿತಾಯ ಶುರು ಮಾಡಿತ್ತು. ಏಜೆಂಟರು ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಅಜ್ಜಿಯ ಪುಸ್ತಕದಲ್ಲಿ ಪ್ರತಿವರ್ಷ ಜುಲೈ-ಆಗಸ್ಟಿನ ಸಾಲು ಖಾಲಿ. "ಆಟಿಯಲ್ಲಿ ಎಲ್ಲಿಯ ದುಡ್ಡು? ಹಲಸಿನ ಬೀಜ, ತಜಂಕು ತಿಂದು ದಿನ ದೂಡಿದ್ದು" ಅಂದರು ಅಮ್ಮ. ಆಟಿ ಅಂದರೆ ಮಳೆ ಜೋರಾದ ತುಳು ತಿಂಗಳು, ತಜಂಕು ಅಂದರೆ ಮಳೆಗೆ ತಾನಾಗಿ ಹುಟ್ಟುವ ಸೊಪ್ಪು. ಒಂದು ವರ್ಷ ಮಾತ್ರ ಜನವರಿಯಲ್ಲೂ ಖಾಲಿ. ಅಮ್ಮ ಸ್ವಲ್ಪ ಹೊತ್ತು ನೋಡಿದರು. "ಅದು ನಿನ್ನ ಮಾವ ಬೊಂಬಾಯಿಗೆ ಹೊರಟ ವರ್ಷ. ಬಸ್ಸಿನ ದುಡ್ಡು."

ಆ ಮಾವ ಹೋಟೆಲಲ್ಲಿ ಕೆಲಸ ಮಾಡುತ್ತಾ ಬರೆದ ಇನ್‌ಲ್ಯಾಂಡ್ ಪತ್ರಗಳು ಒಂದು ಕಟ್ಟು ಇವೆ. ಜಾಗ ಸಾಲದೆ ಅಂಚಿನ ಸುತ್ತ ಬರೆದಿದ್ದಾರೆ, ಓದಲು ಪತ್ರವನ್ನೇ ತಿರುಗಿಸಬೇಕು. ತಾರೀಕು ಹಾಕುವ ಅಭ್ಯಾಸ ಇಲ್ಲ, ಅಂಚೆಯ ಮುದ್ರೆ ಮಾಸಿದೆ. ಆಗ ವಿಳಾಸ ನೋಡಬೇಕು. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ, ಪಿನ್ ಇದ್ದರೆ ಪತ್ರ ಅದರ ನಂತರದ್ದು. ಇಲ್ಲದಿದ್ದರೆ ಏನೂ ಹೇಳಲು ಬರುವುದಿಲ್ಲ, ಮಾವನಂಥವರು ಕೊನೆಯವರೆಗೂ ಪಿನ್ ಬರೆದವರಲ್ಲ. "ಮೈಸೂರು ರಾಜ್ಯ" ಅಂತಿದ್ದರೆ ಹೆಚ್ಚುಕಡಿಮೆ 1973ರ ನವೆಂಬರಿಗಿಂತ ಮೊದಲಿನದ್ದು. "ಉಡುಪಿ ಜಿಲ್ಲೆ" ಅಂತಿದ್ದರೆ 1997ರ ನಂತರದ್ದು.

ಇನ್ನು ಕಾಪಾಡುವ ವಿಷಯ. ನಮ್ಮ ಕರಾವಳಿಯಲ್ಲಿ ಕಾಗದದ ಶತ್ರು ತೇವ. ಪೆಟ್ಟಿಗೆ ಬಿಚ್ಚುವುದೇನಿದ್ದರೂ ಡಿಸೆಂಬರ್-ಜನವರಿಯಲ್ಲಿ. ಗುಂಡುಸೂಜಿ, ಸ್ಟೇಪ್ಲರ್ ಪಿನ್ ಮೊದಲು ತೆಗೆಯಿರಿ, ಅದರ ತುಕ್ಕು ಕಾಗದವನ್ನು ತಿನ್ನುತ್ತದೆ. ಹರಿದಲ್ಲಿಗೆ ಸೆಲ್ಲೋಟೇಪ್ ಬೇಡ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಒಮ್ಮೆ ಮಾಡಿದರೆ ಬಿಡಿಸಲು ಆಗುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದರೆ ಒಳಗೇ ಬೆವರಿ ಬೂಷ್ಟು ಬರುತ್ತದೆ. ನಾನು ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೂ ಗೋಡೆಗೂ ತಾಗದ ಹಾಗೆ ಕಪಾಟಿನ ನಡುವಿನ ಖಾನೆಯಲ್ಲಿಡುತ್ತೇನೆ. ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಹೆಸರು, ಊರು. ಬಾಲ್‌ಪೆನ್ ಒತ್ತಿದರೆ ಮುಂದಿನ ಮುಖದ ಮೇಲೆ ಗೀರು ಬೀಳುತ್ತದೆ. ಅಂಟಿನ ಆಲ್ಬಮ್ಮಿಗೆ ಕಚ್ಚಿಕೊಂಡ ಫೋಟೋ ಬಿಡಿಸಲು ಹಲ್ಲುಸಂದಿ ಕ್ಲೀನ್ ಮಾಡುವ ದಾರವನ್ನು ಅಡಿಯಲ್ಲಿ ಮೆಲ್ಲ ಎಳೆಯಿರಿ. ಸ್ಕ್ಯಾನ್ ಮಾಡಿಸುವಾಗ ಸಣ್ಣ ಫೋಟೋಗೆ 600 ಡಿಪಿಐ ಕೇಳಿ, ಪತ್ರಕ್ಕೆ 300 ಸಾಕು.

ಎಲ್ಲರೂ ಒಂದೇ ಕಥೆ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅಜ್ಜ ಚಾಲಗೇಣಿ ಒಕ್ಕಲು, ಅಂದರೆ ಧಣಿಗಳ ಗದ್ದೆಯನ್ನು ಗೇಣಿಗೆ ಉಳುತ್ತಿದ್ದವರು. 1974ರ ಭೂಸುಧಾರಣೆ ಕಾನೂನಿನ ನಂತರ, ಗದ್ದೆ ಉಳುವುದು ತಾವೇ ಅಂತ ಡಿಕ್ಲರೇಶನ್ (ಅರ್ಜಿ) ಕೊಟ್ಟು ಗದ್ದೆ ನಮ್ಮದಾಯಿತು. ಅಂದು ಮನೆಯಲ್ಲಿ ಪಾಯಸ ಮಾಡಿದ್ದರು ಅನ್ನುತ್ತಾರೆ ಅಮ್ಮ. "ಪಾಯಸವೂ ಇಲ್ಲ, ಎಂತದೂ ಇಲ್ಲ. ಧಣಿಗಳ ಮುಖ ನೋಡುವುದು ಹೇಗೆ ಅಂತ ಅಪ್ಪ ಊಟವೇ ಮಾಡಲಿಲ್ಲ" ಅನ್ನುತ್ತಾರೆ ದೊಡ್ಡಮ್ಮ. ಎರಡನ್ನೂ ಎದುರುಬದುರು ಪುಟದಲ್ಲಿ ಬರೆದಿಟ್ಟಿದ್ದೇನೆ. ಧಣಿಗಳ ಮನೆಯವರ ಜೊತೆ ಇಂದಿಗೂ ಮದುವೆ-ಮುಂಜಿಗೆ ಹೋಗಿಬರುವುದು ಉಂಟು. ಆದ್ದರಿಂದ ಆ ಪುಟಗಳು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹೋಗಿಲ್ಲ, ಉಳಿದವು ಹೋಗಿವೆ. ಪ್ರಿಂಟ್ ಹಾಕಿಸಿದ ಪ್ರತಿಯಲ್ಲಿ ದೊಡ್ಡಮ್ಮ ಕೆಂಪು ಪೆನ್ನಿನಲ್ಲಿ ಅಲ್ಲಲ್ಲಿ "ಸುಳ್ಳು" ಅಂತ ಬರೆದು ವಾಪಸ್ ಕೊಟ್ಟಿದ್ದಾರೆ. ಅದನ್ನೂ ಸ್ಕ್ಯಾನ್ ಮಾಡಿಸಿದೆ.