ಗಿಡ ಹೋಯ್ತು ಅಂತ ಕುಂಡ ಖಾಲಿ ಬಿಡ್ಬೇಡಿ: ಟೆರೇಸಲ್ಲಿ, ಪಕ್ಕದ ಸೈಟಲ್ಲಿ ತರಕಾರಿ

ಹೊಸದಾಗಿ ತರಕಾರಿ ಹಾಕೋರು ಸುಮಾರು ಜನ ಒಂದು ಬೆಳೆ ಕೈಕೊಟ್ಟ ತಕ್ಷಣ ಕುಂಡ ಎಲ್ಲಾ ಮೂಲೆಗೆ ಜೋಡಿಸಿಟ್ಬಿಡ್ತಾರೆ, ದಯವಿಟ್ಟು ಹಾಗ್ ಮಾಡ್ಬೇಡಿ. ಬೆಂಗಳೂರಿನ ಹವಾಗೆ ವರ್ಷ ಪೂರ್ತಿ ಏನಾದ್ರೂ ಬೆಳೆಯುತ್ತೆ, ಒಂದು ಹೋದ್ರೆ ಇನ್ನೊಂದು ಅಡುಗೆಮನೆಗೆ ಬರೋ ಹಾಗೆ ಹಾಕ್ಕೊಂಡಿರ್ಬೇಕು.

ಸೊಪ್ಪಿಂದ ಶುರು ಮಾಡಿ. ಮೆಂತ್ಯ, ದಂಟು ಎಲ್ಲಾ 25-30 ದಿನಕ್ಕೆ ಕೀಳೋಕೆ ಬರುತ್ತೆ, ಡಬ್ಬೀಲಿರೋ ಮೆಂತ್ಯ ಕಾಳೇ ಸಾಕು, ಎರಡು ವಾರಕ್ಕೊಂದು ಕ್ರೇಟಿಗೆ ಉದುರಿಸ್ತಾ ಹೋಗಿ. ಮಣ್ಣಿಗೆ ಕೆಮ್ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ, ಮೇಲೊಂದು ಹಿಡಿ ಬೇವಿನ ಹಿಂಡಿ. ಎಳೇ ಸಸಿ ಬುಡ ಕೊಳೆತು ಮಲಗಿಬಿಡ್ತು ಅಂದ್ರೆ ಹೆಚ್ಚಾಗಿ ನೀರು ಜಾಸ್ತಿ ಆಗಿರುತ್ತೆ, ಮಣ್ಣಿಗೆ ಬೆರಳಿಟ್ಟು ನೋಡಿ ಆಮೇಲೆ ಹಾಕಿ.

ಪಕ್ಕದ ಖಾಲಿ ಸೈಟಾದ್ರೆ ಮೊದ್ಲು ಓನರ್ ಹತ್ರ ಮಾತಾಡ್ಕೊಳ್ಳಿ. ಅಲ್ಲಿ ಜಲ್ಲಿ, ಸಿಮೆಂಟು, ಗಾಜು ಎಲ್ಲಾ ಸೇರಿರುತ್ತೆ, ಆರಿಸಿ ತೆಗೆದು ಮೊದಲ ಮಳೆಗೆ ಅಲಸಂದೆ ಚೆಲ್ಲಿ, ಹೂ ಬಿಡೋ ಹೊತ್ತಿಗೆ ಕತ್ತರಿಸಿ ಮಣ್ಣಿಗೇ ಸೇರಿಸಿ, ಅದು ಕೊಳೆತು ಗೊಬ್ಬರ ಆದ ಮೇಲೆ ತರಕಾರಿ.

ಜನಕ್ಕೆ ತುಂಬಾ ಬೇಜಾರು ಮಾಡ್ಸೋದು ಹಾಗಲಕಾಯಿ. ಬಳ್ಳಿ ಚೆನ್ನಾಗಿರುತ್ತೆ, ಕಾಯಿ ಬಿಡುತ್ತೆ, ಆದ್ರೆ ಬೆರಳುದ್ದ ಆಗೋಷ್ಟ್ರಲ್ಲಿ ಸೊಟ್ಟಗಾಗಿ ಹಳದಿ ತಿರುಗುತ್ತೆ. ಹತ್ರದಿಂದ ನೋಡಿ, ಸಿಪ್ಪೆ ಮೇಲೆ ಸೂಜಿ ಚುಚ್ಚಿದಂಗೆ ಸಣ್ಣ ಗುರುತು, ಅಲ್ಲಿಂದ ಅಂಟು ಒಸರಿರುತ್ತೆ, ಸೀಳಿದ್ರೆ ಒಳಗೆ ಬಿಳಿ ಹುಳ. ಇದು ಹಣ್ಣಿನ ನೊಣದ ಕೆಲಸ. ಹುಳ ಒಳಗೆ ಸೇರಿದ್ಮೇಲೆ ಬೇವಿನೆಣ್ಣೆ ಹೊಡೆದು ಪ್ರಯೋಜನ ಇಲ್ಲ, ಹೂ ಬಾಡಿದ ತಕ್ಷಣ ಎಳೇ ಕಾಯಿಗೆ ನ್ಯೂಸ್‌ಪೇಪರ್ ಪೊಟ್ಟಣ ಹಾಕಿ ಸ್ಟೇಪಲ್ ಮಾಡಿ. ಕೆಟ್ಟ ಕಾಯಿನ ಕಾಂಪೋಸ್ಟಿಗೆ ಹಾಕ್ಲೇಬೇಡಿ, ಹುಳ ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣ ಆಗಿ ಬರುತ್ತೆ, ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ.

ಟೊಮ್ಯಾಟೊ ಎಲೆ ಮುದುಡ್ಕೊಂಡ್ರೆ, ಬೆಂಡೆ ಎಲೆ ನರ ಹಳದಿ ಆದ್ರೆ ಅದು ಹೆಚ್ಚಾಗಿ ಬಿಳಿ ನೊಣ ತಂದ ವೈರಸ್ಸು. ವೈರಸ್ಸಾದ್ರೆ ವಾಸಿ ಆಗಲ್ಲ, ಆ ಗಿಡ ಕಿತ್ತುಬಿಡಿ, ಉಳಿದಿದ್ದಕ್ಕೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಎಲೆ ಕೆಳಭಾಗಕ್ಕೆ ಹೊಡೀರಿ. ಮುಂದಿನ ಸಲ ಹೆಸರಘಟ್ಟದ ಐಐಎಚ್ಆರ್ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ತಳಿ ಹಾಕಿ, ಟೊಮ್ಯಾಟೊಗೆ ಅರ್ಕಾ ರಕ್ಷಕ್, ಬೆಂಡೆಗೆ ಅರ್ಕಾ ಅನಾಮಿಕ, ಈ ರೋಗ ತಡ್ಕೊಳ್ಳೋಕೆ ಅಂತಾನೇ ಬೆಳೆಸಿರೋ ತಳಿಗಳು. ರಕ್ಷಕ್ ಹೈಬ್ರಿಡ್, ಅದರ ಬೀಜ ಹಾಕಿದ್ರೆ ಅದೇ ಗುಣ ಬರಲ್ಲ, ಎತ್ತಿಡ್ಬೇಡಿ.

ಹೀರೇಲಿ ಹೂ ಮಾತ್ರ ಬಂದು ಕಾಯಿ ನಿಲ್ತಿಲ್ವಾ? ಅದರ ಹೂ ಅರಳೋದು ಸಂಜೆ, ಟೆರೇಸ್ ಮೇಲೆ ಆ ಹೊತ್ತಿಗೆ ದುಂಬಿ ಬರೋದು ಕಮ್ಮಿ. ಗಂಡು ಹೂ ಕಿತ್ತು, ದಳ ಬಿಡಿಸಿ, ಬುಡದಲ್ಲಿ ಪುಟ್ಟ ಹೀರೇಕಾಯಿ ಇರೋ ಹೆಣ್ಣು ಹೂವಿನ ಮಧ್ಯಕ್ಕೆ ಮೆತ್ತಗೆ ಸವರಿ. ನಾಲ್ಕೈದು ದಿನದಲ್ಲಿ ಕಾಯಿ ಉದ್ದ ಆಗೋಕೆ ಶುರುವಾದ್ರೆ ನಿಂತಿದೆ ಅಂತ ಅರ್ಥ, ಅದಕ್ಕೂ ಆಗ್ಲೇ ಪೊಟ್ಟಣ ಹಾಕ್ಬಿಡಿ.